ಎರಡು ಮನೆಯ ಅಚ್ಚು

ಒಂದೂರಿನ ಪ್ರಯೋಗಶಾಲೆಯಲ್ಲಿ ನೀಲಾಂಬಿಕೆ ಅನ್ನುವವಳೊಬ್ಬಳು ಅಚ್ಚು ಹೊಯ್ಯುತ್ತಿದ್ದಳು. ಅಚ್ಚು ಅಂದ ಕೂಡಲೇ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗಿ ಬಾಯಲ್ಲಿ ನೀರೂರಿತೇ? ತಡೀರಿ, ತಡೀರಿ, ಅದೂ ಬರುತ್ತದೆ. ಇದು ತಿನ್ನುವ ಅಚ್ಚಲ್ಲ.

ಇದು ಹೆಬ್ಬೆರಳಿನ ಉಗುರಿಗಿಂತ ಒಂದಿಷ್ಟು ದೊಡ್ಡದು, ಅಷ್ಟೇ. ನೋಡಿದರೆ ಗಾಜಿನ ಹಾಗೆ ತಿಳಿ, ಮುಟ್ಟಿದರೆ ರಬ್ಬರಿನ ಹಾಗೆ ಮೆತ್ತಗೆ. ಅದರಲ್ಲಿ ಎರಡು ಪುಟ್ಟ ಗುಳಿ, ಎರಡರ ನಡುವೆ ಒಂದು ಗೋಡೆ. ಗೋಡೆಯ ಬುಡದಲ್ಲಿ ಕೂದಲಿಗಿಂತ ಸಣ್ಣ ಓಣಿಗಳು. ಒಂದು ಗುಳಿಯಲ್ಲಿ ನರದ ಜೀವಕಣಗಳನ್ನು ಬಿಟ್ಟು, ಅವಕ್ಕೆ ಊಟದ ದ್ರವ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕಣಗಳು ಓಣಿಯಲ್ಲಿ ತೂರಲಾರವು, ದಪ್ಪ. ಆದರೆ ಕಣದಿಂದ ಹೊರಡುವ ಎಳೆ ಇದೆಯಲ್ಲ, ಅದು ತೂರುತ್ತದೆ. ತಡವುತ್ತ ತಡವುತ್ತ ಆಚೆ ಗುಳಿಗೆ ಹೋಗಿ ಕೈಚಾಚುತ್ತದೆ. ಪ್ರಯೋಗಶಾಲೆಯವರೆಲ್ಲ ಇದನ್ನು ಎರಡು ಮನೆ ಅಚ್ಚು ಅನ್ನುತ್ತಿದ್ದರು. ಕಣ ಇರುವುದು ಈಚೆ ಮನೆ, ಎಳೆ ಹೋಗುವುದು ಆಚೆ ಮನೆ.

ಇಷ್ಟೆಲ್ಲ ಯಾಕಪ್ಪಾ ಅಂದರೆ, ಕತ್ತರಿಸಿದ ನರ ಮತ್ತೆ ಹೇಗೆ ಬೆಳೆಯುತ್ತದೆ ಅಂತ ನೋಡುವುದಕ್ಕೆ. ಬದುಕಿರುವವರ ಕೈ ಕೊಯ್ದು ನೋಡಲಾದೀತೇ? ಅದಕ್ಕೇ ಅಚ್ಚಿನಲ್ಲಿ ಎಳೆಗಳನ್ನು ದಾಟಿಸುತ್ತಾರೆ, ಆಚೆ ಮನೆಯ ದ್ರವವನ್ನು ರಭಸದಿಂದ ಹೀರಿ ಎಳೆಗಳನ್ನು ತುಂಡು ಮಾಡುತ್ತಾರೆ, ಆಮೇಲೆ ಕಾಯುತ್ತಾರೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಗಾದೆ. ಮೂಗಿನ ಮಾತು ಗಾದೆಯವರಿಗೇ ಬಿಟ್ಟಿದ್ದು. ನರ ಮಾತ್ರ ಕೆಲವು ಸಲ ಬರುತ್ತದೆ.

ನೀಲಾ ಈ ಕೆಲಸದಲ್ಲಿ ಗಟ್ಟಿಗಿತ್ತಿ. ಜೇನಿನಂಥ ಅಂಟು ದ್ರವವನ್ನು ಗುಳಿ ಓಣಿಗಳ ಉಬ್ಬುರೂಪವಿದ್ದ ಫಲಕದ ಮೇಲೆ ಹೊಯ್ದು, ಗುಳ್ಳೆಗಳೆಲ್ಲ ಹೋಗುವ ತನಕ ಕಾದು, ಬೆಚ್ಚಗಿಟ್ಟು, ಹದವಾಗಿ ಗಟ್ಟಿಯಾದ ಮೇಲೆ ಮೂಲೆಯಿಂದ ಮೆಲ್ಲಗೆ ಬಿಡಿಸುತ್ತಿದ್ದಳು. ಅವಸರ ಮಾಡಿದವರ ಅಚ್ಚಿನಲ್ಲಿ ಓಣಿ ಹರಿದುಹೋಗುತ್ತಿತ್ತು. ನೀಲಾಳದು ಒಂದೂ ಹರಿಯುತ್ತಿರಲಿಲ್ಲ.

"ಎಲ್ಲಿ ಕಲಿತೆ ಅಮ್ಮಣ್ಣಿ ಈ ಹದಾನ?" ಅಂತ ಒಂದು ಸಲ ಅವಳ ಗುರು ಅಲಮೇಲಮ್ಮ ಕೇಳಿದ್ದರು. ಆ ಶಾಲೆಗೆ ಅವರೇ ಹಿರಿಯರು. ಬಿಳೀ ಕೂದಲು, ಮಾತು ಮೆಣಸಿನಕಾಯಿ.

"ಅಕ್ಕನ ಹತ್ರ ಮೇಡಂ. ಸಕ್ಕರೆ ಅಚ್ಚು ಹೊಯ್ಯೋವಾಗ," ಅಂದಿದ್ದಳು ನೀಲಾ.

ಅಷ್ಟು ಹೇಳಿ ತಲೆ ತಗ್ಗಿಸಿದ್ದಳು. 

ಆ ಅಕ್ಕನ ಹೆಸರು ಗಂಗಾಂಬಿಕೆ. ತಂದೆ ತಾಯಿ ಬೇಗ ಹೋದರು, ನೀಲಾಳನ್ನು ಬೆಳೆಸಿದವಳು ಗಂಗಕ್ಕ. ಅದೇ ಊರಿನ ಇನ್ನೊಂದು ತುದಿಯಲ್ಲಿ ಮನೆ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಬೀದಿಯ ಹೆಂಗಸರ ರವಿಕೆಯೆಲ್ಲ ಗಂಗಕ್ಕನ ಕೈಯಲ್ಲೇ ಆಗಬೇಕು. ಸಂಕ್ರಾಂತಿ ಬಂತೆಂದರೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಮರದ ಅಚ್ಚುಗಳನ್ನು ನೀರಿಗೆ ಹಾಕಿ, ಸಕ್ಕರೆ ಪಾಕ ಏರಿಸುತ್ತಿದ್ದಳು. "ಈಗ ತೆಗೀಲಾ ಅಕ್ಕ?" "ಇರೇ, ಗಿಳಿ ಕೊಕ್ಕು ಮುರೀತದೆ." "ಈಗ?" "ಇರೇ ಅಂದ್ನಲ್ಲ!" ಹೀಗೇ ಅವರಿಬ್ಬರ ಹಬ್ಬ. ಒಂದೇ ಗಿಳಿ ಅಚ್ಚು ಇದ್ದದ್ದು. ಅದಕ್ಕೆ ಇಬ್ಬರೂ ಕಿತ್ತಾಡುತ್ತಿದ್ದರು, ಕೊನೆಗೆ ಅದು ನೀಲಾಳ ಬಾಯಿಗೇ ಹೋಗುತ್ತಿತ್ತು.

ನೀಲಾ ಪ್ರಯೋಗಶಾಲೆಗೆ ಸೇರಿದಾಗ ಗಂಗಕ್ಕ ಕೇಳಿದ ಮೊದಲ ಪ್ರಶ್ನೆ, "ನರ ಎಲ್ಲಿಂದ ತರ್ತೀರೇ?" ನೀಲಾ ಹಿಂಜರಿಯುತ್ತ, "ಕೋಳಿಮೊಟ್ಟೆ ಒಳಗಿರೋ ಮರಿಯಿಂದ," ಅಂದಳು. "ಶಿವ ಶಿವಾ!" ಅಂತ ಗಂಗಕ್ಕ ಕೊರಳಿನ ಲಿಂಗ ಮುಟ್ಟಿಕೊಂಡಳು. ಆ ಮನೆಯ ಹೊಸಿಲನ್ನು ಒಂದು ಮೊಟ್ಟೆಯೂ ದಾಟಿದ್ದಿಲ್ಲ. ಆದರೂ ಬೇಡ ಅನ್ನಲಿಲ್ಲ. ಅವತ್ತಿನಿಂದ ಸಂಜೆ ನೀಲಾ ಬಾಗಿಲಿಗೆ ಬಂದ ಕೂಡಲೇ ಒಳಗಿನಿಂದ ಒಂದು ಕೂಗು ಬರುತ್ತಿತ್ತು. "ಮೊಟ್ಟೆ ಮುಟ್ಟಿದ ಕೈ! ತೊಳ್ಕೊಂಡು ಒಳಗ್ ಬಾ!" ಬಾಗಿಲ ಪಕ್ಕದಲ್ಲಿ ಒಂದು ತಂಬಿಗೆ ನೀರು ಅವಳಿಗಾಗಿಯೇ ಇರುತ್ತಿತ್ತು. ಬಯ್ಗುಳವೋ ಬರಮಾಡಿಕೊಳ್ಳುವುದೋ ಗೊತ್ತಾಗದ ಕೂಗು ಅದು. ನೀಲಾಳಿಗೆ ಅದು ಕೇಳದೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಗಂಗಕ್ಕ ಗಾಜಿನ ಭರಣಿ ತೊಳೆಯುತ್ತಿದ್ದಳು. ಜಾರಿತು. ಹಿಡಿಯಲು ಹೋದಳು. ಒಡೆದ ಗಾಜು ಬಲ ಮಣಿಕಟ್ಟನ್ನು ಸೀಳಿತು, ನರ ತುಂಡಾಯಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. "ನರ ನಿಧಾನಕ್ಕೆ ಬೆಳೀಬಹುದು, ಪೂರ್ತಿ ಬರುತ್ತೆ ಅಂತ ಹೇಳೋಕಾಗಲ್ಲ," ಅಂದರು. ಗಾಯ ಮಾಗಿತು. ಹೆಬ್ಬೆರಳು ತೋರುಬೆರಳುಗಳಿಗೆ ಮಾತ್ರ ಸ್ಪರ್ಶ ಬರಲಿಲ್ಲ. ಸೂಜಿ ಚುಚ್ಚಿದರೆ ನೋವಾಗುತ್ತಿರಲಿಲ್ಲ, ರವಿಕೆಯ ಮೇಲಿನ ರಕ್ತದ ಕಲೆ ನೋಡಿಯೇ ತಿಳಿಯುತ್ತಿತ್ತು. ಹೊಲಿಯುವವಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನು ಬೇಕು ಹೇಳಿ.

ನೀಲಾಳ ಎದೆ ಒಡೆಯಿತು. ಎದೆ ಒಡೆದವರು ಅಳುತ್ತಾರೆ. ಈ ಹುಡುಗಿ ಅಳಲಿಲ್ಲ, ಪಾಠ ಶುರು ಮಾಡಿದಳು. ಓದಿದವಳಲ್ಲವೇ! ಸಂಜೆ ಬಂದ ತಕ್ಷಣ ಅಕ್ಕನ ಕೈ ಹಿಡಿದುಕೊಂಡು, "ಕಣ್ಣು ಮುಚ್ಚು. ಇದು ಕಡಲೆನೋ ಬಟಾಣಿನೋ? ಇದು ಒರಟೋ ನಯವೋ? ಇಲ್ಲಿ ಜುಮ್ಮನ್ನುತ್ತಾ?" ಅನ್ನುತ್ತಿದ್ದಳು. ತಪ್ಪು ಹೇಳಿದರೆ ಅವಳ ಮುಖ ಬಾಡುತ್ತಿತ್ತು. ಅದನ್ನು ನೋಡಿ ಗಂಗಕ್ಕ ಇನ್ನಷ್ಟು ತಪ್ಪು ಹೇಳುತ್ತಿದ್ದಳು.

ಒಂದು ಸಂಜೆ ಗಂಗಕ್ಕ ಕಡಲೆ ಬಟಾಣಿಯ ತಟ್ಟೆಯನ್ನು ಎತ್ತಿ ಒಗೆದಳು.

"ನಾನೇನು ನಿನ್ನ ಮೊಟ್ಟೆನೇನೇ? ಬಂದ ತಕ್ಷಣ ಕೈ ನೋಡ್ತೀಯ. ಒಂದಿನ ಮುಖ ನೋಡಿದ್ಯಾ? ಊಟ ಆಯ್ತಾ ಅಂತ ಕೇಳಿದ್ಯಾ?"

"ನಿನ್ನ ಒಳ್ಳೇದಕ್ಕೇ ತಾನೆ ಅಕ್ಕ ಮಾಡ್ತಿರೋದು!"

"ಬೇಡ ನಂಗೆ ಆ ಒಳ್ಳೇದು."

"ಸರಿ ಹಾಗಾದ್ರೆ. ನಿನ್ನ ಬೆರಳಿಗೆ ಮದ್ದು ಸಿಕ್ಕಿದ ದಿನವೇ ಬರ್ತೀನಿ. ಅಲ್ಲೀವರೆಗೂ ಈ ಹೊಸಿಲು ತುಳಿಯಲ್ಲ!"

"ಹೋಗು," ಅಂದಳು ಗಂಗಕ್ಕ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನೀಲಾ ಹೋಗಿ ಹಾಸ್ಟೆಲು ಸೇರಿದಳು. ಒಂದೇ ಊರು, ಒಂದೇ ಬಸ್ಸು, ಮಧ್ಯೆ ಹತ್ತಿ ಇಳಿಯುವ ಗೋಜೂ ಇಲ್ಲ. ಆ ಬಸ್ಸು ದಿನಾ ಶಾಲೆಯ ಮುಂದೆಯೇ ಹೋಗುತ್ತಿತ್ತು. ನೀಲಾ ಅದರ ಹಲಗೆಯನ್ನು ಓದುತ್ತಿದ್ದಳು, ಹತ್ತುತ್ತಿರಲಿಲ್ಲ.

ಅವಳಿಗೆ ಅಕ್ಕನ ಮೇಲೆ ಸಿಟ್ಟಿತ್ತೇ? ಅಯ್ಯೋ, ಸಿಟ್ಟು ವಾರದೊಳಗೇ ಇಳಿದಿತ್ತು. ಉಳಿದದ್ದು ಹಂಬಲ. ಹಾಸ್ಟೆಲಿನ ನಲ್ಲಿಯಲ್ಲಿ ಕೈ ತೊಳೆಯುವಾಗ ಕಿವಿ ತಾನಾಗಿ ಒಂದು ಕೂಗಿಗೆ ಕಾಯುತ್ತಿತ್ತು. ಊಟದ ತಟ್ಟೆ ಮುಂದಿಟ್ಟುಕೊಂಡು ಅಕ್ಕ ಏನು ಮಾಡಿರಬಹುದು ಅಂತ ಯೋಚಿಸುತ್ತಿದ್ದಳು. ರವಿಕೆಯ ತೋಳಿನಲ್ಲಿ ಅಕ್ಕನ ಕೈಹೊಲಿಗೆಯನ್ನು ಬೆರಳಿನಿಂದ ತಡವುತ್ತಿದ್ದಳು. ಆದರೂ ಹೋಗಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದು? ಮದ್ದು ತರುತ್ತೇನೆ ಅಂದವಳಲ್ಲವೇ ತಾನು? ಹೀಗೆ ಹಂಬಲವನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಉಣಿಸುತ್ತ ಕೂತಳು. ಅದು ಬೆಳೆಯಿತು, ಬೆಳೆಯದೆ ಏನು? ಆದರೆ ಎಲ್ಲಿಗೂ ನಡೆಯಲಿಲ್ಲ.

ಸಂಕ್ರಾಂತಿ ಬಂದಾಗ ನೀಲಾ ಎಳ್ಳು ಹುರಿದಳು, ಕೊಬ್ಬರಿ ಹೆಚ್ಚಿದಳು, ಅಕ್ಕ ಮಾಡುತ್ತಿದ್ದಷ್ಟೇ ಸಣ್ಣಗೆ ಬೆಲ್ಲ ಕತ್ತರಿಸಿದಳು. ಶಾಲೆಯವರಿಗೆಲ್ಲ ಬೀರಿದಳು. ಕಾವಲಿನವನಿಗೂ ಕೊಟ್ಟಳು, ಹಾಲಿನವನಿಗೂ ಕೊಟ್ಟಳು. ಊರಿಗೆಲ್ಲ ಎಳ್ಳಾಯಿತು. ಅಕ್ಕನ ಪಾಲನ್ನು ಮಾತ್ರ ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ಮೇಲೊಂದು ಗಿಳಿ ಅಚ್ಚು ಇಟ್ಟು, ಪ್ರಯೋಗಶಾಲೆಯ ತನ್ನ ಮೇಜಿನ ಕಪಾಟಿನಲ್ಲಿ ಇಟ್ಟಳು. ಮದ್ದು ಸಿಕ್ಕಿದ ದಿನ ಒಯ್ಯುವುದಕ್ಕೆ ಅಂತ. ವರ್ಷ ಕಳೆಯಿತು. ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬಿದಳು. ಇನ್ನೊಂದು ವರ್ಷವೂ ಹಾಗೇ ಕಳೆಯಿತು. ಮತ್ತೆ ಪುಷ್ಯದ ಚಳಿ ಬಂತು.

ಇತ್ತ ಅಚ್ಚಿನ ಕೆಲಸವೂ ಕೈಹತ್ತಿರಲಿಲ್ಲ. ಮೊದಲ ಸಲ ಎಳೆಗಳು ಆಚೆ ಮನೆಗೆ ದಾಟುತ್ತಿದ್ದವು, ಅದೇನೋ ಸರಿ. ಕತ್ತರಿಸಿದ ಮೇಲೆ ಮತ್ತೆ ದಾಟುತ್ತಿರಲಿಲ್ಲ. ನೀಲಾ ಏನು ಮಾಡುತ್ತಿದ್ದಳು ಗೊತ್ತೇ? ನರವನ್ನು ಬೆಳೆಸುವ ಒಂದು ಪೋಷಕ ಇದೆ. ಒಂದೊಂದು ಹನಿಯೂ ಜೋಪಾನ ಮಾಡಬೇಕಾದದ್ದು. ಎಳೆ ಕಡಿದ ಕೂಡಲೇ ಅವಳು ಅದನ್ನಷ್ಟೂ ಈಚೆ ಮನೆಗೆ ಹಾಕುತ್ತಿದ್ದಳು, ಗಾಯವಾದ ಕಣಗಳು ಇರುವ ಮನೆಗೆ. ಪಾಪ, ಪೆಟ್ಟು ತಿಂದವಲ್ಲವೇ, ಅವು ತಿಂದು ಗಟ್ಟಿಯಾಗಲಿ, ಆಮೇಲೆ ಹೊರಡಲಿ ಅನ್ನುವ ಲೆಕ್ಕ. ಆಚೆ ಮನೆಯಲ್ಲಿ ಬರೀ ಸಾದಾ ದ್ರವ. ಮಣಿಕಟ್ಟಿಗೆ ಪೆಟ್ಟಾದ ಅಕ್ಕನನ್ನು ನೋಡಿದವಳ ಕೈ ಅದು, ಬೇರೆ ಹೇಗೆ ಹಾಕೀತು?

ಒಂದು ಬೆಳಿಗ್ಗೆ ಅಲಮೇಲಮ್ಮ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತುಂಬ ಹೊತ್ತು ನೋಡಿದರು.

"ಎಳೆ ಏನೋ ಸೊಂಪಾಗಿ ಬಂದಿದೆ ಕಣಮ್ಮ. ಆದ್ರೆ ಎಲ್ಲಾ ಈಚೆ ಮನೇಲೇ ಸುತ್ತಿಸುತ್ತಿ ಗಂಟು ಕಟ್ಕೊಂಡಿದೆ. ನೋಡು, ಓಣಿ ಬಾಯಿಗೆ ಒಂದೂ ತಲೆ ಹಾಕಿಲ್ಲ."

"ಇನ್ನೂ ಸ್ವಲ್ಪ ಪೋಷಕ ಹಾಕ್ಲಾ ಮೇಡಂ?"

"ಹಾಕು, ಹಾಕು. ಗಂಟು ಇನ್ನೂ ದಪ್ಪ ಆಗಲಿ." ಅವರು ಕನ್ನಡಕ ತೆಗೆದರು. "ಮನುಷ್ಯರ ಮೈಯಲ್ಲೂ ಹೀಗೇ ಆಗತ್ತೆ. ಕಡಿದ ನರಕ್ಕೆ ಆಚೆ ದಡ ಸಿಗದೆ ಹೋದ್ರೆ ಬೆಳೆಯೋದನ್ನ ಬಿಡಲ್ಲ ಅದು. ಇದ್ದಲ್ಲೇ ಬೆಳೆದು ಗಂಟಾಗತ್ತೆ. ಮುಟ್ಟಿದ್ರೆ ಪ್ರಾಣ ಹೋಗೋ ಅಷ್ಟು ನೋವು. ಇರಲಿ, ಆಚೆ ಮನೇಲಿ ಏನಿಟ್ಟಿದ್ದೀಯ?"

"ಏನೂ ಇಲ್ಲ ಮೇಡಂ. ಸಾದಾ ದ್ರವ."

"ಇಲ್ಲೇ ಹಬ್ಬದೂಟ ಬಡಿಸಿ, ಅಲ್ಲಿ ಬರೀ ನೀರಿಟ್ಟು, ಹೊರಡು ಹೊರಡು ಅಂದ್ರೆ ಯಾರಮ್ಮ ಹೊರಡ್ತಾರೆ? ನಾನಾದ್ರೂ ಹೊರಡಲ್ಲ."

ನೀಲಾಳಿಗೆ ನಗು ಬಂತು, ನಾಚಿಕೆಯೂ ಆಯಿತು. ಹೊಸ ಅಚ್ಚು ಹೊಯ್ದಳು. ಈ ಸಲ ಎಳೆ ಕಡಿದ ಮೇಲೆ ಈಚೆ ಮನೆಗೆ ಬದುಕುವಷ್ಟೇ ಊಟ ಕೊಟ್ಟು, ಪೋಷಕವನ್ನೆಲ್ಲ ಆಚೆ ಮನೆಯಲ್ಲಿಟ್ಟಳು. ಕೆಲವು ದಿನ ಏನೂ ಕಾಣಲಿಲ್ಲ. ಅವಳು ಪೆಟ್ಟಿಗೆಯ ಬಾಗಿಲು ಪದೇ ಪದೇ ತೆಗೆಯದೆ ಕೈ ಕಟ್ಟಿಕೊಂಡು ಕಾದಳು. ಇರೇ, ಗಿಳಿ ಕೊಕ್ಕು ಮುರೀತದೆ.

ಆಮೇಲೊಂದು ಮಧ್ಯಾಹ್ನ ನೋಡುತ್ತಾಳೆ, ಒಂದು ಎಳೆ ಓಣಿಯೊಳಗೆ ಹೊಕ್ಕಿದೆ! ಅದರ ತುದಿ ಪುಟ್ಟ ಕೈಯ ಹಾಗೆ ಬೆರಳು ಬಿಡಿಸಿ, ಗೋಡೆ ಮುಟ್ಟಿ, ಹಿಂದೆ ಸರಿದು, ಮತ್ತೆ ಮುಂದೆ ಚಾಚುತ್ತಿದೆ. ಅದರ ಹಿಂದೆ ಇನ್ನೊಂದು. ಎಲ್ಲವೂ ಬರಲಿಲ್ಲ, ಎಷ್ಟೋ ಎಳೆಗಳು ನಡುದಾರಿಯಲ್ಲೇ ನಿಂತವು. ಆದರೆ ಹೊರಟವುಗಳಲ್ಲಿ ಕೆಲವು ಆಚೆ ಮನೆ ಸೇರಿದವು.

"ಅಕ್ಕಾ!" ಅಂದುಬಿಟ್ಟಳು ನೀಲಾ.

ಶಾಲೆಯವರೆಲ್ಲ ತಿರುಗಿ ನೋಡಿದರು. ಅಲ್ಲಿ ಯಾವ ಅಕ್ಕನೂ ಇರಲಿಲ್ಲ. ಅವಳಿಗೆ ದುಃಖ ಒತ್ತರಿಸಿ ಬಂತು. ಇದೇನು ಮದ್ದೇ? ಮೊಟ್ಟೆಯೊಳಗಿನ ಮರಿಯ ನರ, ಗಾಜಿನ ಮೇಲೆ, ಕೂದಲಷ್ಟು ಓಣಿಯಲ್ಲಿ ದಾಟಿತು. ಮನುಷ್ಯರ ಕೈಗೆ ಇದರಿಂದ ಏನಾದರೂ ಆಗುವುದಿದ್ದರೆ ಅದು ಎಂದಿಗೋ, ಅಷ್ಟರಲ್ಲಿ ಗಂಗಕ್ಕನ ಕೂದಲೆಲ್ಲ ಹಣ್ಣಾಗಿರುತ್ತದೆ. ಮದ್ದು ಸಿಕ್ಕಿದ ದಿನ ಬರುತ್ತೇನೆ ಅಂದದ್ದು ಎಷ್ಟು ಸುಲಭವಾಗಿ ಅಂದುಬಿಟ್ಟಿದ್ದಳು! ತನ್ನ ಮೇಜಿಗೆ ತಲೆಯಿಟ್ಟು ಅತ್ತಳು. ಭರಣಿ ಒಡೆದ ದಿನ ಅಳಬೇಕಾಗಿದ್ದದ್ದನ್ನೂ ಸೇರಿಸಿ ಅತ್ತಳು.

ಅಲಮೇಲಮ್ಮ ಬಂದು ಪಕ್ಕದಲ್ಲಿ ಕುಳಿತರು.  ಮೂಗು ಸುಕ್ಕಿಸಿದರು.

"ಏನಮ್ಮಣ್ಣಿ ಇದು, ಕಮಟು ವಾಸನೆ?"

ನೀಲಾ ಮೂಗೊರೆಸಿಕೊಂಡು ಕಪಾಟು ತೆರೆದು ಡಬ್ಬಿ ತೆಗೆದಳು. ಕೊಬ್ಬರಿ ಹಳದಿಗೆ ತಿರುಗಿತ್ತು. ಎಳ್ಳು ಕಮಟಿತ್ತು. ಗಿಳಿ ಅಚ್ಚು ಬೆಲ್ಲದ ನೀರು ಕುಡಿದು ಕರಗಿ, ಕೊಕ್ಕೂ ಇಲ್ಲ, ಬಾಲವೂ ಇಲ್ಲ.

"ಯಾರದ್ದಿದು?"

"ಅಕ್ಕಂದು ಮೇಡಂ. ಹೋದ ಸಂಕ್ರಾಂತೀದು. ಬೀರೋದಕ್ಕೆ ಅಂತ ಇಟ್ಟಿದ್ದೆ."

"ಬೀರೋದಕ್ಕೆ," ಅಂದರು ಅಲಮೇಲಮ್ಮ, "ಇಟ್ಟಿದ್ದೆ?"

ಅಷ್ಟೇ ಅಂದದ್ದು. ಎದ್ದು ಹೋದರು.

ಬೀರುವುದು ಅಂದರೇನು ಮಕ್ಕಳೇ? ತಟ್ಟೆ ಹಿಡಿದು ಹೊಸಿಲು ದಾಟಿ ಇನ್ನೊಬ್ಬರ ಮನೆಗೆ ಹೋಗಿ ಕೊಡುವುದು. ಮನೆಯಲ್ಲಿಟ್ಟುಕೊಂಡು ಎಳ್ಳು ಬೀರಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನೀಲಾ ಡಬ್ಬಿಯನ್ನು ನೋಡಿದಳು. ಅಚ್ಚನ್ನು ನೋಡಿದಳು. ತನ್ನ ಹಬ್ಬವನ್ನೆಲ್ಲ ತಾನು ಈಚೆ ಮನೆಯಲ್ಲೇ ಬಡಿಸಿಕೊಂಡು ಕೂತಿದ್ದೇನೆ ಅಂತ ಅವಳಿಗೆ ಆಗ ಹೊಳೆಯಿತು. ಎದೆಯಲ್ಲಿದ್ದ ಗಂಟು ಯಾವುದು ಅಂತಲೂ ತಿಳಿಯಿತು.

ಡಬ್ಬಿ ತೊಳೆದಳು. ಸಂಕ್ರಾಂತಿಯ ದಿನ ಹೊಸ ಎಳ್ಳು ತುಂಬಿದಳು, ಹೊಸ ಗಿಳಿ ಇಟ್ಟಳು. ಇಷ್ಟು ದಿನ ಹಲಗೆ ಮಾತ್ರ ಓದಿ ಬಿಡುತ್ತಿದ್ದ ಆ ಬಸ್ಸನ್ನು ಹತ್ತಿದಳು.  ಇಳಿದುಬಿಡಲೇ ಅಂತ ಮೂರ್ನಾಲ್ಕು ಸಲ ಎದ್ದು ನಿಂತಳು. ಪ್ರತಿ ಸಲವೂ ಆ ಎಳೆಯ ತುದಿ ನೆನಪಾಯಿತು, ಗೋಡೆ ಮುಟ್ಟಿ ಹಿಂದೆ ಸರಿದು ಮತ್ತೆ ಚಾಚಿದ್ದು. ಮತ್ತೆ ಕೂತಳು.

ಗಂಗಕ್ಕನ ಬಾಗಿಲು ತೆರೆದೇ ಇತ್ತು. ಒಳಗೆ ಹೊಲಿಗೆ ಯಂತ್ರದ ಸದ್ದು. ನಡುನಡುವೆ ನಿಲ್ಲುತ್ತ ನಿಧಾನಕ್ಕೆ ಓಡುತ್ತಿತ್ತು. ನೀಲಾ ಹೊಸಿಲಿನ ಈಚೆ ನಿಂತಳು.  ಯಂತ್ರದ ಸದ್ದು ತಾನಾಗಿ ನಿಂತಿತು. ಗಂಗಕ್ಕ ಎದ್ದು ಬಂದಳು. ಸೊರಗಿದ್ದಳು. ಹಣೆಯ ಮೇಲೆ ಬಿಳಿ ಕೂದಲು ಇಣುಕಿತ್ತು.

"ಮದ್ದು ಸಿಕ್ತಾ?" ಅಂದಳು.

"ಇಲ್ಲಕ್ಕ."

"ಮತ್ಯಾಕೆ ಬಂದೆ?"

"ನಿನ್ನ ಮುಖ ನೋಡೋಕೆ."

 ನೀಲಾ ಡಬ್ಬಿಯ ಮುಚ್ಚಳ ತೆಗೆದಳು. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಕ್ಕ," ಅಂದಳು. ಅರ್ಧ ಮಾತು ಅಳುವಿನಲ್ಲೇ ಮುಳುಗಿತು.

ಗಂಗಕ್ಕ ಬಲಗೈ ಚಾಚಿದಳು. ಎಳ್ಳನ್ನು ಎಡಗೈಯಲ್ಲಿ ಈಸಿಕೊಳ್ಳುತ್ತಾರೆಯೇ? ಅದೇ ಕೈ. ಹೆಬ್ಬೆರಳಿನ ತುದಿಯಲ್ಲಿ ಸೂಜಿಯ ಕೆಂಪು ಗುರುತುಗಳಿದ್ದವು. ನೀಲಾಳ ಕಣ್ಣು ಅಭ್ಯಾಸಬಲದಿಂದ ಬೆರಳಿಗೇ ಇಳಿಯಿತು. ಇಳಿದ ಕಣ್ಣನ್ನು ಅವಳು ಎತ್ತಿ ಅಕ್ಕನ ಮುಖದ ಮೇಲೆ ಇಟ್ಟಳು. ಮುಖ ನೋಡುತ್ತಲೇ ಎಳ್ಳು ಸುರಿದಳು. ಸ್ಪರ್ಶವಿಲ್ಲದ ಬೆರಳುಗಳ ಸಂದಿಯಿಂದ ಎಳ್ಳು ಸೋರುತ್ತಿದ್ದದ್ದು ಗಂಗಕ್ಕನಿಗೆ ಗೊತ್ತಾಗಲಿಲ್ಲ. ನೀಲಾ ಏನೂ ಹೇಳದೆ ತನ್ನ ಅಂಗೈಯನ್ನು ಆ ಕೈಯ ಕೆಳಗೆ ಹಿಡಿದಳು.

"ಊಟ ಆಯ್ತಾ ಅಕ್ಕ?" ಅಂತ ಕೇಳಿದಳು.

ಗಂಗಕ್ಕ ಗಿಳಿಯನ್ನು ಎಡಗೈಯಿಂದ ಎತ್ತಿ, ಕೊಕ್ಕು ಮುರಿದಿದೆಯೋ ಅಂತ ತಿರುಗಿಸಿ ನೋಡಿದಳು. ಮುರಿದಿರಲಿಲ್ಲ. ಅದನ್ನು ತಂಗಿಯ ಬಾಯಿಗೇ ತುರುಕಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸರ್ರನೆ ಒಳಗೆ ಹೋದಳು. ಒಳಗಿನಿಂದ ಕೂಗು ಬಂತು.

"ಮೊಟ್ಟೆ ಮುಟ್ಟಿದ ಕೈ! ತೊಳ್ಕೊಂಡು ಒಳಗ್ ಬಾ!"

ನೀಲಾ ಬಾಗಿಲ ಪಕ್ಕಕ್ಕೆ ನೋಡಿದಳು. ತಂಬಿಗೆ ಅಲ್ಲೇ ಇತ್ತು. ಅದರಲ್ಲಿ ನೀರೂ ಇತ್ತು.

ನೀತಿ: ಹಂಬಲವನ್ನು ಮಡಿಲಲ್ಲಿಟ್ಟು ಉಣಿಸಿದರೆ ಅದು ಗಂಟಾಗುತ್ತದೆ, ಆಚೆ ಮನೆಗೆ ಒಯ್ದರೆ ದಾರಿಯಾಗುತ್ತದೆ. ಕಡಿದುಹೋದದ್ದೆಲ್ಲ ಕೂಡುತ್ತದೆಂದು ಯಾರೂ ಹೇಳಲಾರರು. ಗಂಗಕ್ಕನ ಬೆರಳಿಗೆ ಇವತ್ತಿಗೂ ಸೂಜಿ ತಿಳಿಯುವುದಿಲ್ಲ. ಆದರೆ ಮದ್ದು ಸಿಕ್ಕಲಿ ಆಮೇಲೆ ಹೋಗುತ್ತೇನೆ ಅಂತ ಕೂರಬೇಡಿ. ನಿಮ್ಮ ಕಪಾಟಿನಲ್ಲೂ ಯಾರದಾದರೂ ಪಾಲಿನ ಎಳ್ಳು ಇದ್ದರೆ, ಕಮಟುವ ಮೊದಲು ಬೀರಿ ಬನ್ನಿ.